ಮೇಡಂ ಮಾಂಟೆಸೊರಿ ಮತ್ತು ಮಗುವಿನ ಕೈ

1870ರಲ್ಲಿ ಇಟಲಿಯಲ್ಲಿ ಜನಿಸಿದ ಮರಿಯಾ ಮಾಂಟೆಸೊರಿಯವರು ವೈದ್ಯವೃತ್ತಿಯಿಂದ ಶಿಶುಶಿಕ್ಷಣಕ್ಕೆ ಬಂದವರು. 1907ರಲ್ಲಿ ರೋಮಿನ ಬಡವರ ಕೇರಿಯೊಂದರಲ್ಲಿ ಶಿಶುಮಂದಿರವನ್ನು ತೆರೆದರು. ಅಲ್ಲಿ ಗುಂಡಿ ಹಾಕುವುದು, ನೀರು ಸುರಿಯುವುದು ಬೆರಳಿನ ಪಾಠ. ನೆಲದ ಗೆರೆಯ ಮೇಲೆ ನಡೆಯುವುದು ಮೈಯ ಪಾಠ. ಉಸುಕುಕಾಗದದ ಅಕ್ಷರಗಳನ್ನು ಬೆರಳಿನಿಂದ ತೀಡಿದ ಮೇಲೆಯೇ ಬರವಣಿಗೆ. 1939ರಲ್ಲಿ ಮದರಾಸಿಗೆ ಬಂದ ಆಕೆ ಯುದ್ಧದ ದೆಸೆಯಿಂದ 1946ರವರೆಗೆ ಭಾರತದಲ್ಲಿಯೇ ಉಳಿದು ಶಿಕ್ಷಕರನ್ನು ತರಬೇತುಗೊಳಿಸಿದರು, 1952ರಲ್ಲಿ ಕಾಲವಶರಾದರು.

ಸೂಕ್ಷ್ಮ ಚಿತ್ರಕಲೆಗೆ ಹೆಸರಾದ ಸುರಪುರವನ್ನು ಕಂಡಾಗಲೆಲ್ಲ ಈ ಚರಿತ್ರೆ ನನ್ನ ನೆನಪಿಗೆ ಬರುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಅಂಗನವಾಡಿಗಳಲ್ಲಿ ಕಾಳು ಆರಿಸುವುದಕ್ಕೂ ಮಣ್ಣು ಕಲಸುವುದಕ್ಕೂ ಕುಂಟಾಟಕ್ಕೂ ದಿನದಲ್ಲಿ ಹೊತ್ತನ್ನು ಗೊತ್ತುಪಡಿಸಬೇಕು. ಕೈಕಟ್ಟಿ ಕುಳ್ಳಿರಿಸಿದ ಮಗುವಿಗೆ ಒಮ್ಮೆಲೇ ಬಳಪವಿತ್ತರೆ ಅದು ಅಕ್ಷರಕ್ಕೆ ಅಂಜೀತು. ಅಂಜಿದ್ದು ಶಾಲೆಯನ್ನೇ ತೊರೆದೀತು.