ಗಾಜಿಗೆ ಲೇಪನ ಹಚ್ಚಿದ ಬ್ಯಾಂಕ್ ಗುಮಾಸ್ತ: ಜಾರ್ಜ್ ಈಸ್ಟ್‌ಮನ್

ವಿಜ್ಞಾನ ವಿಭಾಗದವರು ವಸ್ತುಪ್ರದರ್ಶನ ಇಟ್ಟಾಗ ಕಾಮರ್ಸ್‌ನ ನಾವು ಕೆಲವರು ನೋಡಲು ಹೋಗಿದ್ದೆವು. ಒಂದು ಮೇಜಿನ ಮೇಲೆ ಪೆರೋವ್‌ಸ್ಕೈಟ್ ಸೌರಕೋಶದ ಚಾರ್ಟ್ ಇತ್ತು. ಇದನ್ನು ಶಾಯಿಯ ಹಾಗೆ ದ್ರಾವಣ ಮಾಡಿ ಗಾಜಿನ ಮೇಲೆ ಹಚ್ಚಬಹುದು, ಸಿಲಿಕಾನ್‌ಗಿಂತ ಅಗ್ಗವಾಗಬಹುದು ಎಂದು ವಿವರಿಸಿದರು. ಹಾಗಾದರೆ ಅಂಗಡಿಯಲ್ಲಿ ಏಕೆ ಸಿಗುವುದಿಲ್ಲ ಎಂದು ನಾನು ಕೇಳಿದೆ. ಉಗುರಿನಷ್ಟು ಚಿಕ್ಕದಾಗಿ ಮಾಡುವುದು ಸುಲಭ, ಬಾಗಿಲಿನಷ್ಟು ದೊಡ್ಡದಾಗಿ ಒಂದೇ ಸಮನೆ ಹಚ್ಚುವುದು ಕಷ್ಟ ಎಂಬ ಉತ್ತರ ಬಂತು. ಜೊತೆಗೆ, ಲೆಕ್ಕ ಬರೆಯುವವರಿಗೆ ಇದೆಲ್ಲ ಏಕೆ ಎಂದು ಒಬ್ಬರು ನಕ್ಕರು. ಮನಸ್ಸಿಗೆ ಸ್ವಲ್ಪ ಚುಚ್ಚಿತು.

ಆಮೇಲೆ ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ತೆಳು ಲೇಪನದ ಕೆಲಸವನ್ನು ಕೈಯಿಂದ ಯಂತ್ರಕ್ಕೆ ತಂದವರಲ್ಲಿ ಒಬ್ಬರು ಲೆಕ್ಕ ಬರೆಯುವವರೇ ಆಗಿದ್ದರು. ಅವರು ಕೊಡಾಕ್ ಕಂಪನಿಯ ಸ್ಥಾಪಕ ಜಾರ್ಜ್ ಈಸ್ಟ್‌ಮನ್. ಅವರ ಜೀವನವನ್ನು ನಿಮಗೆ ತಿಳಿಸುವುದು ಈ ಲೇಖನದ ಉದ್ದೇಶ.

ಈಸ್ಟ್‌ಮನ್ 1854ರ ಜುಲೈ 12ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ರೋಚೆಸ್ಟರ್ ನಗರದಲ್ಲಿ ಒಂದು ವಾಣಿಜ್ಯ ಕಾಲೇಜು ನಡೆಸುತ್ತಿದ್ದರು. 1862ರಲ್ಲಿ ತಂದೆ ತೀರಿಕೊಂಡಾಗ ಬಾಲಕನಿಗೆ ಎಂಟು ವರ್ಷವೂ ತುಂಬಿರಲಿಲ್ಲ. ತಾಯಿ ಮರಿಯಾ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಬಾಡಿಗೆದಾರರಿಗೆ ಅಡುಗೆ ಮಾಡಿ ಹಾಕಿ ಸಂಸಾರ ನಡೆಸಿದರು. ಅಕ್ಕಂದಿರಲ್ಲಿ ಒಬ್ಬಳಿಗೆ ಪೋಲಿಯೊ ಇತ್ತು. ಅವಳು 1870ರಲ್ಲಿ ತೀರಿಕೊಂಡಳು.

ಈಸ್ಟ್‌ಮನ್ 14ನೇ ವಯಸ್ಸಿಗೇ ಶಾಲೆ ಬಿಟ್ಟು ಒಂದು ವಿಮಾ ಕಚೇರಿಯಲ್ಲಿ ವಾರಕ್ಕೆ 3 ಡಾಲರ್ ಸಂಬಳಕ್ಕೆ ಸೇರಿದರು. ಆಗಿನಿಂದಲೇ ತಮ್ಮ ಖರ್ಚುವೆಚ್ಚವನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಅವರಿಗಿತ್ತು. ರಾತ್ರಿ ಹೊತ್ತು ಮನೆಯಲ್ಲಿ ಕುಳಿತು ಲೆಕ್ಕಶಾಸ್ತ್ರ ಕಲಿತರು. 1874ರಲ್ಲಿ ರೋಚೆಸ್ಟರ್ ಸೇವಿಂಗ್ಸ್ ಬ್ಯಾಂಕಿನಲ್ಲಿ ಕಿರಿಯ ಗುಮಾಸ್ತನ ಕೆಲಸ ಸಿಕ್ಕಿತು. ಸಂಬಳ ವಾರಕ್ಕೆ 15 ಡಾಲರಿಗೂ ಹೆಚ್ಚಾಯಿತು.

24ನೇ ವಯಸ್ಸಿನ ಹೊತ್ತಿಗೆ ಅವರು ಸಾಂಟೊ ಡೊಮಿಂಗೊಗೆ ಪ್ರವಾಸ ಹೋಗಲು ಯೋಚಿಸಿದರು. ಹೋದರೆ ಅಲ್ಲಿನ ಚಿತ್ರಗಳನ್ನು ತೆಗೆಯಬೇಕೆಂದು ಜೊತೆಯ ಕೆಲಸದವರು ಸಲಹೆ ಕೊಟ್ಟರು. ಈಸ್ಟ್‌ಮನ್ ಕ್ಯಾಮೆರಾ ಸಾಮಾನು ಕೊಂಡು, 5 ಡಾಲರ್ ಕೊಟ್ಟು ಪಾಠ ಹೇಳಿಸಿಕೊಂಡರು. ಪ್ರವಾಸ ಮಾತ್ರ ನಡೆಯಲೇ ಇಲ್ಲ. ಆದರೆ ಫೋಟೊದ ಹುಚ್ಚು ಹಿಡಿಯಿತು.

ಆ ಕಾಲದಲ್ಲಿ ಫೋಟೊ ತೆಗೆಯುವುದು ಬಹಳ ತೊಂದರೆಯ ಕೆಲಸ. ಗಾಜಿನ ತಟ್ಟೆಯ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಸುರಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಅದಕ್ಕಾಗಿ ಡೇರೆ, ಬಾಟಲಿ, ನೀರಿನ ಪಾತ್ರೆ ಎಲ್ಲವನ್ನೂ ಹೊತ್ತುಕೊಂಡು ಹೋಗಬೇಕಿತ್ತು. ಇಂಗ್ಲೆಂಡಿನಲ್ಲಿ ಕೆಲವರು ಜೆಲಾಟಿನ್ ಬಳಸಿ ಒಣ ತಟ್ಟೆ, ಅಂದರೆ ಡ್ರೈ ಪ್ಲೇಟ್ ತಯಾರಿಸುತ್ತಿದ್ದ ಸುದ್ದಿಯನ್ನು ಈಸ್ಟ್‌ಮನ್ ಪತ್ರಿಕೆಯಲ್ಲಿ ಓದಿದರು. ಹಗಲು ಬ್ಯಾಂಕಿನ ಕೆಲಸ, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ಪ್ರಯೋಗ. ಎಷ್ಟೋ ರಾತ್ರಿ ಬಟ್ಟೆಯನ್ನೂ ಬದಲಿಸದೆ ಒಲೆಯ ಪಕ್ಕದಲ್ಲೇ ಮಲಗುತ್ತಿದ್ದರಂತೆ.

ಅಡುಗೆಮನೆಯಲ್ಲಿ ಒಳ್ಳೆಯ ತಟ್ಟೆ ತಯಾರಾಯಿತು. ಬೇರೆ ಯಾರಾದರೂ ಅಷ್ಟಕ್ಕೆ ಸಂತೋಷಪಡುತ್ತಿದ್ದರು. ಈಸ್ಟ್‌ಮನ್ ಲೆಕ್ಕದ ಮನುಷ್ಯ. ಒಂದೊಂದೇ ತಟ್ಟೆಗೆ ಕೈಯಿಂದ ಹಚ್ಚಿದರೆ ದಿನಕ್ಕೆ ಎಷ್ಟು ಆಗುತ್ತದೆ, ಎಷ್ಟು ಹಾಳಾಗುತ್ತದೆ, ಒಂದಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂದು ಯೋಚಿಸಿದರು. ಗಾಜಿನ ಮೇಲೆ ಒಂದೇ ದಪ್ಪಕ್ಕೆ ಎಮಲ್ಷನ್ ಹಚ್ಚುವ ಯಂತ್ರವನ್ನು ತಾವೇ ಮಾಡಿದರು. 1879ರಲ್ಲಿ ಲಂಡನ್ನಿಗೆ ಹೋಗಿ ಅದಕ್ಕೆ ಪೇಟೆಂಟ್ ಪಡೆದರು. 1880ರ ಏಪ್ರಿಲ್‌ನಲ್ಲಿ ಅಮೆರಿಕದ ಪೇಟೆಂಟ್ ಕೂಡ ಬಂತು. ಅದೇ ತಿಂಗಳು ರೋಚೆಸ್ಟರಿನ ಸ್ಟೇಟ್ ಸ್ಟ್ರೀಟ್‌ನಲ್ಲಿ ಒಂದು ಕಟ್ಟಡದ ಮೂರನೇ ಮಹಡಿ ಬಾಡಿಗೆಗೆ ಹಿಡಿದು ಕಾರ್ಖಾನೆ ಶುರು ಮಾಡಿದರು. ತಾಯಿಯ ಮನೆಯಲ್ಲಿ ಬಾಡಿಗೆಗಿದ್ದ, ಕುದುರೆಗಾಡಿಯ ಚಾಟಿ ತಯಾರಿಸುತ್ತಿದ್ದ ಹೆನ್ರಿ ಸ್ಟ್ರಾಂಗ್ ಎಂಬುವರು ಬಂಡವಾಳ ಹಾಕಿದರು. 1881ರ ಜನವರಿ 1ರಂದು ಇಬ್ಬರೂ ಪಾಲುದಾರರಾದರು. ಸೆಪ್ಟೆಂಬರ್‌ನಲ್ಲಿ ಈಸ್ಟ್‌ಮನ್ ಬ್ಯಾಂಕಿಗೆ ರಾಜೀನಾಮೆ ಕೊಟ್ಟರು.

ವ್ಯಾಪಾರ ಏಳುತ್ತಿದ್ದಂತೆ ದೊಡ್ಡ ಹೊಡೆತ ಬಿತ್ತು. ಅಂಗಡಿಗಳಿಗೆ ಕಳುಹಿಸಿದ ತಟ್ಟೆಗಳು ಕೆಟ್ಟುಹೋದವು. ಚಿತ್ರವೇ ಮೂಡುತ್ತಿರಲಿಲ್ಲ. ಈಸ್ಟ್‌ಮನ್ ಎಲ್ಲವನ್ನೂ ವಾಪಸು ತರಿಸಿ, ಕಾರ್ಖಾನೆ ನಿಲ್ಲಿಸಿ, ಕಾರಣ ಹುಡುಕಲು ನೂರಾರು ಪ್ರಯೋಗ ಮಾಡಿದರು. ಒಂದೂ ಫಲಿಸಲಿಲ್ಲ. ಕೊನೆಗೆ ಇಂಗ್ಲೆಂಡಿಗೆ ಹೋಗಿ ವಿಚಾರಿಸಿದಾಗ ದೋಷ ತಮ್ಮ ವಿಧಾನದ್ದಲ್ಲ, ಸರಬರಾಜಾದ ಜೆಲಾಟಿನ್‌ದು ಎಂದು ತಿಳಿಯಿತು. ಕೆಟ್ಟ ತಟ್ಟೆಗಳ ಬದಲಿಗೆ ಒಳ್ಳೆಯವನ್ನು ಕೊಟ್ಟರು. ಕೈಯಲ್ಲಿದ್ದ ಹಣ ಹೆಚ್ಚುಕಡಿಮೆ ಖಾಲಿಯಾಯಿತು, ಹೆಸರು ಮಾತ್ರ ಉಳಿಯಿತು. ನಾವು ಅಕೌಂಟೆನ್ಸಿಯಲ್ಲಿ ಓದುವ ಗುಡ್‌ವಿಲ್ ಎಂದರೆ ಏನೆಂದು ನನಗೆ ಇಲ್ಲಿ ಸರಿಯಾಗಿ ಅರ್ಥವಾಯಿತು. ಅಂದಿನಿಂದ ಕಚ್ಚಾವಸ್ತುವನ್ನು ಪರೀಕ್ಷೆ ಮಾಡದೆ ಬಳಸಬಾರದು ಎಂಬುದು ಅವರ ನಿಯಮವಾಯಿತು. ಜೆಲಾಟಿನ್‌ನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕವೇ ತಟ್ಟೆಯ ಗುಣ ನಿರ್ಧರಿಸುತ್ತದೆ ಎಂಬುದನ್ನು ಅವರದೇ ಕಂಪನಿಯ ವಿಜ್ಞಾನಿಗಳು 1920ರ ದಶಕದಲ್ಲಿ ಕಂಡುಹಿಡಿದರು.

ಮುಂದೆ ಗಾಜಿನ ಬದಲು ಸುತ್ತಿಡಬಹುದಾದ ಫಿಲ್ಮ್ ಮಾಡಲು ಹೊರಟರು. 1888ರಲ್ಲಿ 25 ಡಾಲರ್ ಬೆಲೆಯ ಕೊಡಾಕ್ ಕ್ಯಾಮೆರಾ ಬಂತು. ಒಳಗೆ 100 ಚಿತ್ರಗಳ ಸುರುಳಿ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ 10 ಡಾಲರ್ ಜೊತೆ ಕಂಪನಿಗೆ ಕಳುಹಿಸಿದರೆ ಚಿತ್ರ ತೊಳೆದು, ಹೊಸ ಸುರುಳಿ ಹಾಕಿ ಕೊಡುತ್ತಿದ್ದರು. 1889ರಲ್ಲಿ ರಸಾಯನಶಾಸ್ತ್ರಜ್ಞ ಹೆನ್ರಿ ರೈಚೆನ್‌ಬಾಕ್ ಅವರ ನೆರವಿನಿಂದ ಪಾರದರ್ಶಕ ಫಿಲ್ಮ್ ತಯಾರಾಯಿತು. ಉದ್ದನೆಯ ಗಾಜಿನ ಮೇಜುಗಳ ಮೇಲೆ ದ್ರಾವಣ ಹರಡಿ, ಒಣಗಿದ ಮೇಲೆ ಎಮಲ್ಷನ್ ಹಚ್ಚಿ, ಕಿತ್ತು, ಪಟ್ಟಿಗಳಾಗಿ ಕತ್ತರಿಸುತ್ತಿದ್ದರು. ಮೇಜು ಮುಗಿದರೆ ಫಿಲ್ಮ್ ಮುಗಿಯಿತು. ಹತ್ತು ವರ್ಷಗಳ ನಂತರ ಮೇಜಿನ ಬದಲು ತಿರುಗುವ ದೊಡ್ಡ ಚಕ್ರದ ಮೇಲೆ ನಿಲ್ಲದೆ ಫಿಲ್ಮ್ ತಯಾರಿಸತೊಡಗಿದರು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆ ಬರೀ 1 ಡಾಲರ್. ಮಕ್ಕಳ ಕೈಗೂ ಕ್ಯಾಮೆರಾ ಬಂತು.

ಅವರಲ್ಲಿ ಕುಂದುಗಳೂ ಇದ್ದವು. ಹ್ಯಾನಿಬಲ್ ಗುಡ್‌ವಿನ್ ಎಂಬ ಪಾದ್ರಿ 1887ರಲ್ಲೇ ಫಿಲ್ಮ್‌ಗೆ ಪೇಟೆಂಟ್ ಕೇಳಿದ್ದರು. ಆ ಪೇಟೆಂಟ್‌ನ ಮೊಕದ್ದಮೆಯಲ್ಲಿ ಕೊಡಾಕ್ ಸೋತು, 1914ರಲ್ಲಿ 50 ಲಕ್ಷ ಡಾಲರ್ ಕೊಡಬೇಕಾಯಿತು. ಅಷ್ಟರಲ್ಲಿ ಗುಡ್‌ವಿನ್ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಗಳಿಸಿದ್ದನ್ನು ಈಸ್ಟ್‌ಮನ್ ಹಂಚಿದ್ದೂ ನಿಜ. ಲಾಭದಲ್ಲಿ ಕೆಲಸಗಾರರಿಗೆ ಪಾಲು ಕೊಟ್ಟರು. 1919ರಲ್ಲಿ ತಮ್ಮ ಷೇರುಗಳಲ್ಲಿ ಮೂರನೇ ಒಂದು ಭಾಗವನ್ನೇ ಅವರಿಗೆ ಬಿಟ್ಟುಕೊಟ್ಟರು. ಎಂಐಟಿ ಸಂಸ್ಥೆಗೆ ಸ್ಮಿತ್ ಎಂಬ ಸುಳ್ಳು ಹೆಸರಿನಲ್ಲಿ ದಾನ ಮಾಡಿದರು. ಕಪ್ಪು ಜನಾಂಗದ ವಿದ್ಯಾರ್ಥಿಗಳ ಟಸ್ಕೆಗೀ, ಹ್ಯಾಂಪ್ಟನ್ ಸಂಸ್ಥೆಗಳಿಗೂ, ಬಡ ಮಕ್ಕಳ ಹಲ್ಲಿನ ಆಸ್ಪತ್ರೆಗಳಿಗೂ ಹಣ ಕೊಟ್ಟರು. ಅವರು ಮದುವೆಯಾಗಲಿಲ್ಲ. ಕೊನೆಯ ವರ್ಷಗಳಲ್ಲಿ ಬೆನ್ನುಮೂಳೆಯ ಕಾಯಿಲೆಯಿಂದ ಬಹಳ ನರಳಿ, 1932ರ ಮಾರ್ಚ್ 14ರಂದು ತಾವೇ ಜೀವ ಕಳೆದುಕೊಂಡರು. ಇದನ್ನು ಓದಿದ ದಿನ ನನಗೆ ತುಂಬಾ ಬೇಸರವಾಯಿತು. ಅಷ್ಟು ಜನರಿಗೆ ಆಸರೆಯಾದವರಿಗೆ ಆ ನೋವಿನಲ್ಲಿ ಆಸರೆ ಸಿಗಲಿಲ್ಲವಲ್ಲ ಅನ್ನಿಸಿತು.

ಈಗ ಚಾರ್ಟಿನ ವಿಷಯಕ್ಕೆ ಬರುತ್ತೇನೆ. 2009ರಲ್ಲಿ ಜಪಾನಿನ ಮಿಯಾಸಾಕಾ ಅವರ ತಂಡ ಮಾಡಿದ ಪೆರೋವ್‌ಸ್ಕೈಟ್ ಕೋಶ ಬಿಸಿಲಿನ 3.8% ಭಾಗವನ್ನು ಮಾತ್ರ ವಿದ್ಯುತ್ ಮಾಡಿತ್ತು. ಇಂದು ಪ್ರಯೋಗಾಲಯದಲ್ಲಿ ಅದು 26% ದಾಟಿದೆ. ಪದರದ ದಪ್ಪ ಸುಮಾರು ಅರ್ಧ ಮೈಕ್ರಾನ್, ತಲೆಕೂದಲಿನ ನೂರನೇ ಒಂದು ಭಾಗಕ್ಕಿಂತಲೂ ತೆಳು. ಪ್ರಯೋಗಾಲಯದಲ್ಲಿ ಗಾಜನ್ನು ಗಿರ‍್ರನೆ ತಿರುಗಿಸಿ ಮೇಲೆ ದ್ರಾವಣ ಬಿಡುತ್ತಾರೆ. ಪದರ ಚೆನ್ನಾಗಿ ಬರುತ್ತದೆ, ಆದರೆ ಹೆಚ್ಚಿನ ದ್ರಾವಣ ಅಂಚಿನಿಂದ ಹಾರಿ ದಂಡವಾಗುತ್ತದೆ. ದೊಡ್ಡ ಗಾಜಿಗೆ ಈ ಉಪಾಯ ನಡೆಯುವುದಿಲ್ಲ.

ಅದಕ್ಕೆ ಬೇರೆ ದಾರಿಗಳಿವೆ. ಒಂದು ಬ್ಲೇಡ್ ವಿಧಾನ. ನಮ್ಮ ಅಮ್ಮಿ ಕಾವಲಿಯ ಮೇಲೆ ದೋಸೆ ಹಿಟ್ಟು ಹರಡುವ ಹಾಗೆ, ಬ್ಲೇಡಿನಿಂದ ದ್ರಾವಣವನ್ನು ಗಾಜಿನ ಮೇಲೆ ಎಳೆಯುತ್ತಾರೆ. ಇನ್ನೊಂದು ಸ್ಲಾಟ್ ಡೈ. ಕಿರಿದಾದ ಸೀಳಿನ ಮೂಲಕ ದ್ರಾವಣ ಪಂಪ್ ಆಗಿ ಕೆಳಗೆ ಸಾಗುವ ಹಾಳೆಯ ಮೇಲೆ ಬೀಳುತ್ತದೆ. ನಿಮಿಷಕ್ಕೆ ಎಷ್ಟು ದ್ರಾವಣ ಬಂತು, ಹಾಳೆಯ ಅಗಲ ಎಷ್ಟು, ವೇಗ ಎಷ್ಟು ಎಂದು ಗೊತ್ತಿದ್ದರೆ ಹಸಿ ಪದರದ ದಪ್ಪವನ್ನು ಭಾಗಾಕಾರದಿಂದ ಹೇಳಬಹುದು. ದ್ರಾವಣ ದಂಡವಾಗುವುದು ಬಹಳ ಕಡಿಮೆ. ಈ ವಿಧಾನದ ಬುನಾದಿ ಕೊಡಾಕ್‌ನ ಆಲ್ಬರ್ಟ್ ಬೆಗಿನ್ ಅವರಿಗೆ 1954ರಲ್ಲಿ ಸಿಕ್ಕ ಪೇಟೆಂಟ್. ಫೋಟೊ ಫಿಲ್ಮ್‌ಗಾಗಿ ಹುಟ್ಟಿದ್ದು ಸೌರಕೋಶಕ್ಕೆ ಬಂದಿದೆ! ರೋಚೆಸ್ಟರಿನಲ್ಲಿ ಕೊಡಾಕ್‌ನ ಸುರುಳಿ ಯಂತ್ರಗಳ ಮೇಲೆಯೇ ಪೆರೋವ್‌ಸ್ಕೈಟ್ ಹಚ್ಚುವ ಪ್ರಯತ್ನವೂ ನಡೆದಿದೆ.

ಕಷ್ಟ ಮುಗಿದಿಲ್ಲ. ದ್ರಾವಣ ಒಣಗುವಾಗಲೇ ಹರಳುಗಳು ಕಟ್ಟುತ್ತವೆ. ಎಲ್ಲ ಕಡೆ ಒಟ್ಟಿಗೆ ಒಣಗದಿದ್ದರೆ ಸಣ್ಣ ತೂತುಗಳು ಬಿದ್ದು ಕೋಶ ಹಾಳಾಗುತ್ತದೆ. ಆದ್ದರಿಂದ ಹಚ್ಚಿದ ಕೂಡಲೇ ಗಾಳಿ ಊದಿಯೋ ನಿರ್ವಾತದಲ್ಲಿಟ್ಟೋ ಬೇಗ ಒಣಗಿಸುತ್ತಾರೆ. ತೇವ ತಗುಲಿದರೆ ಕೆಡುತ್ತದೆ, ಸೀಸವೂ ಇರುತ್ತದೆ. ಮಾರಿದ ಮೇಲೆ ವರ್ಷಾನುಗಟ್ಟಲೆ ಬಾಳಬೇಕು. ಈಸ್ಟ್‌ಮನ್ ಅವರ ತಟ್ಟೆಗಳು ಅಂಗಡಿಯಲ್ಲಿ ಕೆಟ್ಟ ಕಥೆ ಇಲ್ಲಿ ಮತ್ತೆ ನೆನಪಾಗುತ್ತದೆ.

ಗೆಳೆಯ ಗೆಳತಿಯರೇ, ಒಂದು ಒಳ್ಳೆಯ ಮಾದರಿ ಮಾಡುವುದು ದೊಡ್ಡ ಕೆಲಸ. ಸಾವಿರದ ಒಂದನೆಯದೂ ಮೊದಲನೆಯದರಷ್ಟೇ ಚೆನ್ನಾಗಿರುವಂತೆ, ಬಡವನಿಗೂ ಕೊಳ್ಳಲಾಗುವ ಬೆಲೆಗೆ ಮಾಡುವುದು ಅದಕ್ಕೆ ಕಡಿಮೆಯಾದ ಕೆಲಸವಲ್ಲ. ಆ ಕೆಲಸಕ್ಕೆ ವಿಜ್ಞಾನವೂ ಬೇಕು, ಲೆಕ್ಕವೂ ಬೇಕು. ಮುಂದಿನ ವರ್ಷದ ಪ್ರದರ್ಶನದಲ್ಲಿ ಆ ಮೇಜಿನ ಹತ್ತಿರ ಕಾಮರ್ಸ್‌ನವರಿಗೂ ಒಂದು ಕುರ್ಚಿ ಹಾಕಿರಿ. ಒಂದು ಕೋಶಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂಬ ಚಾರ್ಟನ್ನು ನಾವು ಬರೆದು ತರುತ್ತೇವೆ.