ಏಳು ಗಡಿಯಾರ ಬಿಚ್ಚಿದ ಹುಡುಗಿ

ಮಕ್ಕಳೇ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ರೈಲಿನಲ್ಲಿ ಹೋಗಿದ್ದೀರಾ? ಟಿಕೆಟ್ ಕೌಂಟರಿನಲ್ಲಿ ಊರಿನ ಹೆಸರು ಹೇಳಿದರೆ ಸಾಕು. ಕಂಪ್ಯೂಟರ್ ದೂರಕ್ಕೆ ತಕ್ಕ ದರ ಹಿಡಿಯುತ್ತದೆ, ದಿನಾಂಕ ಹಾಕುತ್ತದೆ, ಟಿಕೆಟ್ ಮುದ್ರಿಸುತ್ತದೆ. ಇಂಥ ಒಂದೊಂದು ಕೆಲಸಕ್ಕೂ ಆದೇಶಗಳ ಒಂದೊಂದು ತುಂಡು ಬೇಕು. ದರ ಲೆಕ್ಕ ಹಾಕುವ ತುಂಡನ್ನು ಒಮ್ಮೆ ಬರೆದಿಟ್ಟರೆ ಗದಗಿಗೆ ಹೋಗುವವರಿಗೂ ಅದನ್ನೇ ಬಳಸಬಹುದು. ಹೀಗೆ ಬರೆದಿಟ್ಟ ತುಂಡುಗಳನ್ನು ಕಂಪ್ಯೂಟರೇ ಜೋಡಿಸಿಕೊಳ್ಳುವಂತೆ ಮಾಡಿದವರಲ್ಲಿ ಮೊದಲಿಗರು ಯಾರು ಗೊತ್ತೇ? ಗ್ರೇಸ್ ಹಾಪರ್ ಎಂಬ ಗಣಿತದ ಅಧ್ಯಾಪಕಿ.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್‌ನಲ್ಲಿ. ಏಳು ವರ್ಷದವಳಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದನ್ನು ಬಿಚ್ಚಿದಳು. ಮತ್ತೆ ಜೋಡಿಸಲು ಬರಲಿಲ್ಲ. ಇನ್ನೊಂದನ್ನು ಬಿಚ್ಚಿದಳು. ಹೀಗೆ ಮನೆಯ ಏಳು ಗಡಿಯಾರಗಳು ಬಿಡಿಬಿಡಿಯಾದವು! ತಾಯಿ ಅವಳನ್ನು ತಡೆಯಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರ ಬಿಚ್ಚಬೇಕೆಂದು ನಿಯಮ ಮಾಡಿದರು.

1934ರಲ್ಲಿ ಗ್ರೇಸ್ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಸೇರಲು ಹೋದಾಗ ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಅಡ್ಡಿ ಬಂತು. ಅವರು ಪಟ್ಟು ಬಿಡದೆ ವಿಶೇಷ ಅನುಮತಿ ಪಡೆದರು. 1944ರಲ್ಲಿ ಅವರಿಗೆ ಸಿಕ್ಕ ಕೆಲಸ ಮಾರ್ಕ್-1 ಎಂಬ ಗಣಕಯಂತ್ರದ ಮೇಲೆ. ಅದರ ಉದ್ದ ಸುಮಾರು 15 ಮೀಟರ್!

ಆಗ ಪ್ರತಿಯೊಂದು ಆದೇಶವನ್ನೂ ಕಾಗದದ ಪಟ್ಟಿಯ ಮೇಲೆ ರಂಧ್ರ ಹಾಕಿ ಯಂತ್ರಕ್ಕೆ ಕೊಡಬೇಕಿತ್ತು. ಹಿಂದೆ ಬರೆದ ತುಂಡು ಮತ್ತೆ ಬೇಕಾದರೆ ನೋಟ್‌ಬುಕ್ ನೋಡಿ ಕೈಯಿಂದಲೇ ನಕಲು ಮಾಡುತ್ತಿದ್ದರು. ಕರಿಹಲಗೆ ನೋಡಿ ಬರೆಯುವಾಗ ನಿಮಗೂ ಅಂಕಿ ತಪ್ಪುವುದುಂಟಲ್ಲವೇ? ಅವರಿಗೂ ತಪ್ಪುತ್ತಿತ್ತು. ಒಂದು ಅಂಕಿ ತಪ್ಪಿದರೆ ಇಡೀ ಲೆಕ್ಕವೇ ತಪ್ಪು.

ಬೇಸರವಿಲ್ಲದೆ ನಕಲು ಮಾಡುವ ಯಂತ್ರ ಎದುರಿಗೇ ಇರುವಾಗ ಮನುಷ್ಯರೇಕೆ ಈ ಕೆಲಸ ಮಾಡಬೇಕು? ಇದು ಗ್ರೇಸ್ ಅವರ ಪ್ರಶ್ನೆ. ಗ್ರಂಥಾಲಯದ ಪುಸ್ತಕಗಳಿಗೆ ಕೊಡುವಂತೆ ಪ್ರತಿ ತುಂಡಿಗೂ ಅವರು ಒಂದು ಸಂಖ್ಯೆ ಕೊಟ್ಟು, ಎಲ್ಲವನ್ನೂ ಟೇಪಿನಲ್ಲಿ ಸಂಗ್ರಹಿಸಿದರು. ಬೇಕಾದ ಸಂಖ್ಯೆಗಳನ್ನು ಕ್ರಮವಾಗಿ ಕೊಟ್ಟರೆ ಕಂಪ್ಯೂಟರ್ ತಾನೇ ತುಂಡುಗಳನ್ನು ಹುಡುಕಿ, ಜೋಡಿಸಿ, ಪೂರ್ತಿ ಪ್ರೋಗ್ರಾಮ್ ಸಿದ್ಧಮಾಡುತ್ತಿತ್ತು. 1952ರ ಈ ಏರ್ಪಾಡಿಗೆ ಅವರಿಟ್ಟ ಹೆಸರು ಕಂಪೈಲರ್.

ಮೊದಮೊದಲು ಯಾರೂ ನಂಬಲಿಲ್ಲ. ಕಂಪ್ಯೂಟರ್ ಕೂಡುತ್ತದೆ, ಕಳೆಯುತ್ತದೆ, ಪ್ರೋಗ್ರಾಮ್ ಬರೆಯಲಾರದು ಎಂಬುದೇ ಎಲ್ಲರ ಅಭಿಪ್ರಾಯ. ಗ್ರೇಸ್ ಇನ್ನೂ ಮುಂದೆ ಹೋದರು. ಅಂಗಡಿ, ಕಚೇರಿಗಳ ಲೆಕ್ಕಕ್ಕೆ ಸಾಮಾನ್ಯ ಇಂಗ್ಲಿಷ್ ಪದಗಳಲ್ಲಿ ಆದೇಶ ಕೊಡುವ ಫ್ಲೋ-ಮ್ಯಾಟಿಕ್ ಭಾಷೆ ರೂಪಿಸಿದರು. ಆದೇಶಗಳನ್ನು ಫ್ರೆಂಚ್, ಜರ್ಮನ್ ಪದಗಳಲ್ಲಿ ಕೊಟ್ಟರೂ ಯಂತ್ರ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಯಂತ್ರಕ್ಕೆ ಯಾವ ಭಾಷೆಯೂ ಮೇಲಲ್ಲ, ಕೀಳಲ್ಲ! 1959ರಲ್ಲಿ ಹಲವರು ಸೇರಿ ಕೋಬಾಲ್ ಭಾಷೆಯನ್ನು ರೂಪಿಸತೊಡಗಿದಾಗ ಫ್ಲೋ-ಮ್ಯಾಟಿಕ್ ಅದಕ್ಕೆ ಮುಖ್ಯ ಆಧಾರವಾಯಿತು. ಇಂದಿಗೂ ಜಗತ್ತಿನ ಅನೇಕ ಬ್ಯಾಂಕುಗಳ ಲೆಕ್ಕ ಕೋಬಾಲ್‌ನಲ್ಲೇ ನಡೆಯುತ್ತದೆ.

ಗ್ರೇಸ್ 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನೌಕಾಪಡೆಯಿಂದ ನಿವೃತ್ತರಾದರು. 1992ರ ಜನವರಿ 1ರಂದು ನಿಧನರಾದರು.

ಇಂದು ಮಾತಿನಲ್ಲಿ ಕೇಳಿದರೂ ಪ್ರೋಗ್ರಾಮ್ ಬರೆದುಕೊಡುವ ಕಂಪ್ಯೂಟರುಗಳಿವೆ. ಆದರೂ ಏನು ಬೇಕೆಂದು ಯೋಚಿಸುವ, ಬಂದದ್ದು ಸರಿಯೇ ಎಂದು ಪರೀಕ್ಷಿಸುವ ಹೊಣೆ ನಮ್ಮದೇ.

ನೀವೂ ಮಾಡಿ ನೋಡಿ: ದೊಡ್ಡವರಿಗೆ ಪೂರ್ತಿ, ಮಕ್ಕಳಿಗೆ ಅರ್ಧ ಟಿಕೆಟ್. ಒಂದು ಕುಟುಂಬದ ಒಟ್ಟು ದರ ಕಂಡುಹಿಡಿಯುವ ಆದೇಶಗಳನ್ನು ಸಾಲಾಗಿ ಬರೆಯಿರಿ. ನಿಮ್ಮ ಗೆಳತಿ ಅಥವಾ ಗೆಳೆಯ, ನಿಮ್ಮನ್ನು ಏನೂ ಕೇಳದೆ, ಅದರಂತೆ ಲೆಕ್ಕ ಮಾಡಲಿ. ಉತ್ತರ ಸರಿ ಬಂತೇ? ತಪ್ಪಿದ್ದರೆ ಯಾವ ಸಾಲಿನಲ್ಲಿ ಎಂದು ಹುಡುಕಿ.