ಹರ್ಮನ್ ಮೋಗ್ಲಿಂಗ್: ಅರಸುವವರೂ ಸಭೆಯೂ

ಸತ್ಯವನ್ನು ಅರಸಿ ಬಾಗಿಲಿಗೆ ಬಂದವನನ್ನು ಧರ್ಮಸಂಸ್ಥೆಯು ತನ್ನವನನ್ನಾಗಿ ಉಳಿಸಿಕೊಳ್ಳಲು ಯತ್ನಿಸಬೇಕೆ, ಅಥವಾ ಅವನ ಹಾದಿಗೆ ಅವನನ್ನು ಬಿಡಬೇಕೆ? ಬಾಳುದ್ದಕ್ಕೂ ಈ ಪ್ರಶ್ನೆಯನ್ನು ಎದುರಿಸಿದವರು ಹರ್ಮನ್ ಮೋಗ್ಲಿಂಗರು. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಅವರನ್ನು ಸ್ಮರಿಸುವ ನಾವು, ಅವರು ಮತಪ್ರಚಾರಕ್ಕಾಗಿಯೇ ಬಂದವರೆಂಬುದನ್ನು ಸೌಜನ್ಯದಿಂದ ಮರೆಯುತ್ತೇವೆ.

1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಜನಿಸಿದ ಅವರು ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರವನ್ನು ಅಭ್ಯಸಿಸಿ, ಬಾಸೆಲ್ ಮಿಷನ್ನಿನ ಪರವಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಕೆಲವೇ ವರ್ಷಗಳಲ್ಲಿ ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಒಂದು ಸುದ್ದಿ ಬಂದಿತು. ಅಲ್ಲಿನ ಕಾಲಜ್ಞಾನಿಗಳೆಂಬ ಪಂಥದವರು ತಮ್ಮ ಗ್ರಂಥಗಳ ಭವಿಷ್ಯವಾಣಿಯು ಈ ಬೋಧಕರಲ್ಲಿ ಫಲಿಸಿತೆಂದು ನಂಬಿ, ಗುಂಪುಗುಂಪಾಗಿ ಸೇರುವ ಮಾತನಾಡಿದ್ದರು. ಅವರನ್ನು ನೆಲೆಗೊಳಿಸಲೆಂದು ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ಭೂಮಿಯನ್ನು ಪಡೆದು ವಸಾಹತನ್ನು ಕಟ್ಟಿದ್ದಾಯಿತು. ಮನೆ ಸಿದ್ಧವಾಯಿತು, ನಿರೀಕ್ಷಿಸಿದ ಜನಸ್ತೋಮ ಮಾತ್ರ ಬರಲಿಲ್ಲ.

ಬಂದವರು ಒಬ್ಬೊಬ್ಬರಾಗಿ ಬಂದರು. ಮಂಗಳೂರಿನ ಶಾಲೆಯ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಪಟ್ಟಣವೇ ಕ್ಷೋಭೆಗೊಂಡಿತು. ಮನೆಯವರಿಗೆ ಅದು ಸಾವಿಗೆ ಸಮನಾದ ದುಃಖ. ಪತ್ನಿಯೂ ಅವರೊಡನೆ ಬರಲಿಲ್ಲ. ಬಂಧುಗಳನ್ನೆಲ್ಲ ಕಳೆದುಕೊಂಡ ತರುಣನನ್ನು ಮೋಗ್ಲಿಂಗರು ಮಗನಂತೆ ಕಂಡು 1846ರಲ್ಲಿ ಯೂರೋಪಿಗೆ ಕರೆದೊಯ್ದರು. ಮುಂದೆ ಅವರು ಪಾದ್ರಿಯಾಗಿ ಮರಳಿದರು.

ಕ್ಷೋಭೆಯ ಆ ವರ್ಷವೇ ಪತ್ರಿಕೆಯೂ ಊರು ಬದಲಿಸಿತು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಟ ‘ಮಂಗಳೂರ ಸಮಾಚಾರ’ವು 1844ರಲ್ಲಿ ‘ಕನ್ನಡ ಸಮಾಚಾರ’ವೆಂಬ ಹೆಸರು ತಳೆದು ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ರಾರಾವಿ, ಸಿರುಗುಪ್ಪದ ಕಡೆಯ ನಮ್ಮ ವಿದ್ಯಾರ್ಥಿಗಳು ಈ ನಂಟನ್ನು ಅರಿತಿರಬೇಕು.

ಆಮೇಲೆ ಕೊಡಗಿನ ಅಲ್ಮಂಡ ಸೋಮಯ್ಯನವರು ದೀಕ್ಷೆಯನ್ನು ಬಯಸಿ ಬಂದರು. ಸ್ವಜನರ ಬಹಿಷ್ಕಾರಕ್ಕೆ ಗುರಿಯಾದ ಆ ಒಬ್ಬನಿಗಾಗಿ, ದೇಹಸ್ಥಿತಿ ಕೆಟ್ಟು ತಾಯ್ನಾಡಿಗೆ ಮರಳಬೇಕಾಗಿದ್ದ ಮೋಗ್ಲಿಂಗರು ಪ್ರಯಾಣವನ್ನು ಬಿಟ್ಟು 1853ರಲ್ಲಿ ಕೊಡಗಿಗೆ ನಡೆದರು. ಸಾವಿರಾರು ಜನಕ್ಕೆ ಮನೆ ಕಟ್ಟಹೊರಟವರು ಈಗ ಒಬ್ಬನ ಮನೆಗೆ ತಾವೇ ಹೋದರು.

ಈ ನಡುವೆ ಅವರು ನ್ಯಾಯಾಧೀಶ ಕಸಮೇಜರರ ಧನಸಹಾಯದಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚು ಹಾಕಿಸಿದ್ದರು. ಪರಮತದ ಗ್ರಂಥಗಳನ್ನು ಪಾದ್ರಿಯೊಬ್ಬರು ಕಾಪಾಡಿದ ಬಗೆಯಿದು. ಆ ಪುಸ್ತಕಗಳು ಓದುಗರಿಂದ ದೀಕ್ಷೆಯನ್ನು ಕೇಳಲಿಲ್ಲ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1881ರಲ್ಲಿ ಅವರು ಎಸ್ಲಿಂಗನ್‌ನಲ್ಲಿ ತೀರಿಕೊಂಡರು.

ಜನರನ್ನು ಸೇರಿಸಬೇಕೆಂಬ ಹಂಬಲವನ್ನು ಮೋಗ್ಲಿಂಗರು ಎಂದೂ ತೊರೆದವರಲ್ಲ. ಅದನ್ನು ಒಪ್ಪದಿರಲು ನಮಗೆ ಸ್ವಾತಂತ್ರ್ಯವಿದೆ. ಆದರೆ ಅವರ ಬಾಳು ಒಂದು ವಿವೇಕವನ್ನು ಉಳಿಸಿದೆ. ಎಣಿಕೆಗಾಗಿ ಕಟ್ಟಿದ ಮನೆ ಬರಿದಾಗಿ ಉಳಿಯಬಹುದು. ಎಲ್ಲವನ್ನೂ ತೊರೆದು ಒಂಟಿಯಾಗಿ ಬಂದವನನ್ನು ಕೈಬಿಡುವ ಹಕ್ಕು ಮಾತ್ರ ಯಾವ ಸಭೆಗೂ, ಯಾವ ಮಠಕ್ಕೂ ಇಲ್ಲ.